ಮೂರನೇ ಮೆಟ್ಟಿಲ ಮೇಲೆ ಖಾಲಿಯಾದ ಚಿಗವ್ವನ ಊಟ

ಈ ಪ್ರಕರಣದಲ್ಲಿ ಊಟ ಕಳೆದುಕೊಂಡವಳು ನನ್ನ ಚಿಗವ್ವ. ಕರಾರು ಬರೆಸಿದವರು ಅಂದು ಉಂಡರು, ಕರೆಂಟು ತೆಗೆದವರು ಉಂಡರು, ಕಾನೂನು ಮಾಡಿದವರು ಎಲ್ಲಿಯೋ ಹೊಟ್ಟೆ ತುಂಬ ಉಂಡೇ ಇರುತ್ತಾರೆ. ಬಾಯಲ್ಲಿ ಒಂದೂ ಹಲ್ಲಿಲ್ಲದೆ ವಾರಗಟ್ಟಲೆ ಗಂಜಿ ಕುಡಿದು, ಒಂದೇ ಒಂದು ಊಟಕ್ಕಾಗಿ ಕಾದು ಕುಳಿತಿದ್ದ ಅವಳು ಮಾತ್ರ ಆ ದಿನವೂ ಗಂಜಿಯನ್ನೇ ಕುಡಿದಳು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಮುಂದೆ ನಗು ಬರುವ ಸಂಗತಿಗಳಿವೆ. ನಗುವ ಭರದಲ್ಲಿ ನೊಂದವರನ್ನು ಮರೆಯುವುದು ನಮ್ಮಲ್ಲಿ ಹಳೆಯ ರೂಢಿ.

ಚಿಗವ್ವ ನನ್ನ ತಾಯಿಯ ತಂಗಿ. ಹರೆಯದಿಂದ ಮುಪ್ಪಿನವರೆಗೆ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ದುಡಿದವಳು. ಅಲ್ಲಿ ಶನಿವಾರ ಬಟವಡೆ, ವಾರದ ಕೂಲಿ ಕೈಗೆ ಬರುವ ದಿನ. ಅಂದು ಸಂಜೆ ಮೈಮೇಲಿನ ತೌಡು ಕೊಡವಿಕೊಂಡು, ಮಾರ್ಕೆಟ್ಟಿನ ಹಿಂದಿನ ಒಂದು ಸಣ್ಣ ಹೋಟೆಲಿಗೆ ಹೋಗಿ ಪಾರ್ಸಲ್ ಕಟ್ಟಿಸಿಕೊಳ್ಳುವುದು ಅವಳ ವಾರದ ಹಬ್ಬ. ಪಾರ್ಸಲ್ಲಿನಲ್ಲಿ ಇರುತ್ತಿದ್ದುದು 'ದೊಡ್ಡದು'. ನಮ್ಮ ಕಡೆ ಕುರಿ-ಮೇಕೆಯ ಖಂಡಕ್ಕೆ ಸಣ್ಣದು ಎಂದೂ, ದನ-ಎಮ್ಮೆಯ ಖಂಡಕ್ಕೆ ದೊಡ್ಡದು ಎಂದೂ ಹೇಳುತ್ತಾರೆ. ತೆಳ್ಳಗೆ ಉದ್ದುದ್ದ ಸೀಳಿದ ಖಂಡ, ಸೋಯಾ ಸಾಸಿನ ಕಪ್ಪು, ಕಾಳಮೆಣಸಿನ ಖಾರ, ನಾಲಗೆಯ ತುದಿಗೆ ಬೆಲ್ಲದ ಒಂದು ಸುಳಿವು, ಮೇಲೆ ಅರೆಬೆಂದ ಡೊಣ್ಣಮೆಣಸಿನಕಾಯಿ. ಬಿಸಿ ಅನ್ನದ ಮೇಲೆ ಸುರಿದುಕೊಂಡರೆ ವಾರದ ದಣಿವು ಗಂಟಲಿನಿಂದ ಕೆಳಗಿಳಿಯುತ್ತಿತ್ತಂತೆ.

ಆ ಹೋಟೆಲು ಮುಚ್ಚಿತು. ಚಿಗವ್ವ ಗಿರಣಿ ಬಿಟ್ಟು ತಾವರಗೇರಾದ ಮಗನ ಮನೆ ಸೇರಿದಳು. ಮಗನಿಗೆ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿದ್ದೇ ಆ ಮನೆಯೊಳಗೆ ದೊಡ್ಡದು ಬರುವುದು ನಿಂತಿತು. "ಸಾಹೇಬ್ರು ಒಮ್ಮೊಮ್ಮೆ ಚಾಕ್ಕ ಬರ್ತಾರ" ಎಂಬುದು ಅವನು ಕೊಟ್ಟ ಕಾರಣ. ಸಾಹೇಬರು ಇಂದಿನವರೆಗೂ ಚಹಾಕ್ಕೆ ಬಂದಿಲ್ಲ. ಬಾರದ ಅತಿಥಿಯೊಬ್ಬನ ಮೂಗಿಗೆ ಅಂಜಿ ಹೆತ್ತ ತಾಯಿಯ ಬಾಯಿ ಕಟ್ಟುವುದು ಅನ್ಯಾಯ. ಅದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಹಲ್ಲುಗಳೆಲ್ಲ ಹುಳುಕು ಹಿಡಿದು ಕೀಳಿಸಬೇಕಾಗಿ ಬಂದಾಗ ಚಿಗವ್ವ ಕೊಪ್ಪಳಕ್ಕೆ, ನನ್ನ ಬಾಡಿಗೆ ಮನೆಗೆ ಬಂದಳು. ವಸಡು ಮಾಗಬೇಕು, ಆಮೇಲೆ ಹಲ್ಲಿನ ಸೆಟ್ಟು ಕೂಡಿಸಬೇಕು, ಆಮೇಲೆ ಮಗ ಬಂದು ಕರೆದೊಯ್ಯಬೇಕು. ಒಂದು ಬೆಳಿಗ್ಗೆ ಗಂಜಿಯ ಬಟ್ಟಲನ್ನು ಅತ್ತ ಸರಿಸಿ ಅವಳು ಘೋಷಿಸಿದಳು:

"ಏ ಹುಡುಗಿ, ಊರಿಗೆ ಹೋಗೂದ್ರೊಳಗ ನನಗ ಒಮ್ಮೆ ಆ ಪಾರ್ಸಲ್ ಊಟ ಹಾಕು. ಅಲ್ಲಿ ಹೋದ್ರ ಮುಗೀತು. ಹಲ್ಲು ಬಂದ್ರೂ ಅಷ್ಟ, ಬರದಿದ್ರೂ ಅಷ್ಟ."

"ಚಿಗವ್ವ, ನಿನಗ ಅಗಿಯಾಕ ಹಲ್ಲಿಲ್ಲ."

"ನನಗ ಹಲ್ಲಿಲ್ಲ. ನಿನಗ ಬುದ್ಧಿ ಐತಲ್ಲ, ಮೆತ್ತಗ ಬೇಯಿಸು."

ಬೇಯಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ನನ್ನ ಮನೆಯ ಒಡತಿ ಮೇಲಿನ ಅಂತಸ್ತಿನಲ್ಲಿ ಇರುತ್ತಾರೆ. ಮನೆ ಹಿಡಿಯುವಾಗ ಅವರು ಮುಂದಿಟ್ಟ ಕರಾರಿನಲ್ಲಿ 'ಮಾಂಸಾಹಾರ ಬೇಯಿಸತಕ್ಕದ್ದಲ್ಲ' ಎಂಬ ಷರತ್ತಿತ್ತು. ಆ ಬಡಾವಣೆಯಲ್ಲಿ ಖಾಲಿ ಇದ್ದ ಪ್ರತಿ ಮನೆಗೂ ಅದೇ ಷರತ್ತು. ನಾನು ಅದನ್ನು ಓದಿ, "ಅಕ್ಕಾರ, ಈ ಷರತ್ತು ತಪ್ಪು. ಇದನ್ನ ನಾ ಪಾಲಿಸಂಗಿಲ್ಲ" ಎಂದು ನೇರವಾಗಿಯೇ ಹೇಳಿದೆ. ಅವರು ನಕ್ಕು, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವಂತೆ, "ಬಾಯಾರು ಭಾಳ ಚಾಷ್ಟಿ ಮಾಡ್ತೀರಿ. ಸಹಿ ಮಾಡ್ರಿ" ಎಂದರು. ಹೋರಾಟಗಾರ್ತಿಯ ದುರದೃಷ್ಟವೆಂದರೆ ಅವಳು ನಿಜ ಹೇಳಿದಾಗಲೇ ಜನ ನಗುವುದು.

ಒಡತಿ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ನಿಂಬೆಹಣ್ಣು, ಶುಂಠಿ ಕಷಾಯ ಕಳಿಸಿದ್ದಾರೆ. ಆದರೆ ಕಳಿಸುವ ಒಂದು ಪದ್ಧತಿ ಇದೆ. ಹೊರಗಿನಿಂದ ಮಹಡಿಗೆ ಹೋಗುವ ಮೆಟ್ಟಿಲುಗಳಿವೆ. ಕೆಳಗಿನಿಂದ ಮೂರನೆಯ ಮೆಟ್ಟಿಲಿನವರೆಗೆ ಅವರು ಇಳಿಯುತ್ತಾರೆ, ಅಲ್ಲಿಯೇ ನಿಲ್ಲುತ್ತಾರೆ. ಮಾತು ಅಲ್ಲಿಂದ, ಬಾಡಿಗೆ ಕೇಳುವುದು ಅಲ್ಲಿಂದ, ಕಷಾಯದ ಲೋಟ ಇಡುವುದು ಅಲ್ಲಿ. ನನ್ನ ಹೊಸ್ತಿಲನ್ನು ಅವರು ಒಮ್ಮೆಯೂ ದಾಟಿಲ್ಲ. ನಾನು ಯಾವ ಕೇರಿಯವಳೆಂದು ಅವರಿಗೆ ಗೊತ್ತಾದದ್ದು ಮನೆ ಕೊಟ್ಟ ಮೇಲೆ. ಮೂರನೇ ಮೆಟ್ಟಿಲು ಹುಟ್ಟಿದ್ದು ಅಂದಿನಿಂದ. ಈ ಆಚರಣೆಗೆ ಒಂದು ಹೆಸರಿದೆ. ಸಂವಿಧಾನ ಅದನ್ನು ಆ ಹೆಸರಿನಿಂದಲೇ ಕರೆದು ನಿಷೇಧಿಸಿದೆ. ಮೆಟ್ಟಿಲಿನ ಮೇಲೆ ಪ್ರೀತಿಯಿಂದ ನಿಂತು ಆಚರಿಸಿದರೂ ಅದು ಅದೇ.

ಇನ್ನೊಂದು ಸಂಗತಿ: ಒಡತಿ ಕುಕ್ಕರಿನ ಸೀಟಿಗಳನ್ನು ಎಣಿಸುತ್ತಾರೆ. ಬೇಳೆಗೆ ಮೂರು ಸೀಟಿ, ಕಡಲೆಗೆ ಐದು. ಅದನ್ನು ಮೀರಿದರೆ ಮೇಲಿನಿಂದ ದನಿ ಬರುತ್ತದೆ: "ಬಾಯಾರ, ಏನ್ ಕಲ್ಲು ಕುದಸಾಕತ್ತೀರಿ?"

ದೊಡ್ಡದಕ್ಕೆ ಎಷ್ಟು ಸೀಟಿ ಬೇಕೆಂದು ತಿಳಿದವರಿಗೆ ನನ್ನ ತೊಡಕು ಅರ್ಥವಾಗುತ್ತದೆ. ಆಗ ನೆನಪಾದದ್ದು ಅಟ್ಟದ ಮೇಲಿನ ಸನ್ಮಾನ.

ಮಹಿಳಾ ದಿನದ ಸಭೆಯೊಂದರಲ್ಲಿ, ಅಡುಗೆಮನೆಯ ದುಡಿಮೆಯನ್ನು ಹೆಣ್ಣಿನ ಹಣೆಗೆ ಕಟ್ಟಿರುವುದು ಹೇಗೆ ಅನ್ಯಾಯವೆಂದು ನಾನು ದೀರ್ಘವಾಗಿ ಮಾತನಾಡಿದ್ದೆ. ಚಪ್ಪಾಳೆ ಬಿದ್ದವು. ಸಂಘಟಕರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅದರ ಜೊತೆಗೆ ಒಂದು ಅಡುಗೆ ಪಾತ್ರೆಯನ್ನೂ ಕೊಟ್ಟರು. ಅವರಲ್ಲೊಬ್ಬರ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಸ್ಲೋ ಕುಕ್ಕರ್. ಒಳಗೆ ಪಿಂಗಾಣಿಯ ಗಡಿಗೆ, ಮೇಲೆ ಗಾಜಿನ ಮುಚ್ಚಳ, ಕೆಳಗೆ ಹೊಗೆಯೂ ಇಲ್ಲದ ಜ್ವಾಲೆಯೂ ಇಲ್ಲದ ಸಣ್ಣ ಬಿಸಿ. ಬೆಳಿಗ್ಗೆ ಇಟ್ಟರೆ ಸಂಜೆಗೆ ಬೇಯುತ್ತದೆ. ನನ್ನ ಭಾಷಣ ಅವರಿಗೆ ಎಷ್ಟು ತಲುಪಿತ್ತೆಂಬುದಕ್ಕೆ ಸಾಕ್ಷಿಯಾಗಿ ಅದನ್ನು ಅಟ್ಟಕ್ಕೆ ಹಾಕಿದ್ದೆ. ಈಗ ಇಳಿಸಿ ಒರೆಸಿದೆ. ಸೀಟಿಯೇ ಇಲ್ಲದ ಕುಕ್ಕರ್!

ಚಿಗವ್ವ ಅದನ್ನು ಸುತ್ತು ಹೊಡೆದು ನೋಡಿದಳು. "ಇಡೀ ದಿನ ಕೂತಲ್ಲೇ ಕೂತಿರ್ತೈತಿ, ಸದ್ದಿಲ್ಲ ಸಪ್ಪಳಿಲ್ಲ. ಇದಕ್ಕೂ ಸರ್ಕಾರಿ ನೌಕರಿ ಆಗೈತೇನ?"

ಮರುದಿನ ಇಬ್ಬರೂ ಗಂಗಾವತಿಗೆ ಹೋದೆವು. ಹಳೆಯ ಹೋಟೆಲಿನ ಚಾಚಾ ಅಡುಗೆ ಬಿಟ್ಟು ಅದೇ ಓಣಿಯಲ್ಲಿ ಖಂಡದ ಅಂಗಡಿ ಇಟ್ಟಿದ್ದರು. ಚಿಗವ್ವನನ್ನು ಕಂಡದ್ದೇ ಕತ್ತಿ ಕೆಳಗಿಟ್ಟರು.

"ಅರೆ, ಗಿರಣಿ ಅಮ್ಮಾ! ಹಲ್ಲೆಲ್ಲಿ ಹೋದ್ವು?"

"ನಿನ್ನ ಪಾರ್ಸಲ್ ತಿಂದು ತಿಂದು ಸವದ್ವು. ಅದಕ್ಕ ನಿನ್ನನ್ನೇ ಕೇಳಾಕ ಬಂದೀನಿ."

"ಕೇಸ್ ಹಾಕ್ತೀರೇನ್ ಮತ್ತ?"

"ಕೇಸ್ ಹಾಕಾಕ ಇಕಿ ಅದಾಳ" ಎಂದು ಚಿಗವ್ವ ನನ್ನತ್ತ ಗದ್ದ ತೋರಿಸಿದಳು. "ನನಗ ಮೆತ್ತನ್ನ ತುಣುಕು ಕೊಡು."

ಚಾಚಾ ತಲೆ ಅಲ್ಲಾಡಿಸಿದರು. ಈಗಿನ ಕಾನೂನಿನ ಪ್ರಕಾರ ಹದಿಮೂರು ವರ್ಷ ದಾಟಿದ ಎಮ್ಮೆ-ಕೋಣಗಳಷ್ಟೇ ಅಂಗಡಿಗೆ ಬರಬಹುದು. "ಇದು ಏಳನೇ ಕ್ಲಾಸ್ ಪಾಸಾದ ಕೋಣ ರೀ ಬೆಹನ್. ಮೆತ್ತನ್ನ ತುಣುಕು ಅಂದ್ರ ಎಲ್ಲಿಂದ ತರ್ಲಿ?"

ಶಾಸನಸಭೆಯಲ್ಲಿ ಆ ಕಾನೂನು ಬಂದಾಗ ನಾವು ಬೀದಿಯಲ್ಲಿ ಕುಳಿತು ವಿರೋಧಿಸಿದ್ದೆವು. ರೈತನ ಮಾತು ಹೇಳಿದೆವು, ಚರ್ಮ ಹದಮಾಡುವವರ ಮಾತು ಹೇಳಿದೆವು, ಬಡವರ ಪೌಷ್ಟಿಕತೆಯ ಮಾತು ಹೇಳಿದೆವು. ಹಲ್ಲಿಲ್ಲದವರ ಮಾತು ನಮಗೂ ಹೊಳೆದಿರಲಿಲ್ಲ.

ಚಾಚಾ ಎಳೆಗೆ ಅಡ್ಡವಾಗಿ ತೆಳ್ಳಗೆ ಸೀಳಿಕೊಟ್ಟರು, ಪಾಕವನ್ನೂ ಹೇಳಿದರು: ಹಸಿಶುಂಠಿ, ಬೆಳ್ಳುಳ್ಳಿ, ಕುಟ್ಟಿದ ಕಾಳಮೆಣಸು, ಸೋಯಾ, ಸ್ವಲ್ಪ ಸಿರಕಾ (ವಿನೆಗರ್), ಒಂದು ಚೂರು ಬೆಲ್ಲ, ಡೊಣ್ಣಮೆಣಸಿನಕಾಯಿ ಕಡೆಗೆ. "ಮುಚ್ಚಳ ತೆರದು ತೆರದು ನೋಡಬಾರ್ದು" ಎಂದು ಚಿಗವ್ವನ ಮುಖ ನೋಡಿಯೇ ಎಚ್ಚರಿಸಿದರು. ಆಮೇಲೆ ಕಪ್ಪು ಪ್ಲಾಸ್ಟಿಕ್ ಚೀಲ ತೆಗೆದರು. ನಾನು ತಡೆದೆ. ಪ್ಲಾಸ್ಟಿಕ್ಕು ಒಂದು ತಪ್ಪು. ಊಟವನ್ನು ಕಪ್ಪು ಚೀಲದಲ್ಲಿ ಬಚ್ಚಿಟ್ಟು ಒಯ್ಯಬೇಕಾದ ಸ್ಥಿತಿ ಇನ್ನೊಂದು ತಪ್ಪು. ಎರಡನ್ನೂ ಒಂದೇ ಏಟಿಗೆ ವಿರೋಧಿಸಲು ಫಳಫಳ ಹೊಳೆಯುವ ಸ್ಟೀಲ್ ಡಬ್ಬಿ ತಂದಿದ್ದೆ.

ತತ್ವಕ್ಕೆ ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟ. ಗಿಣಿಗೇರಾದಲ್ಲಿ ಹತ್ತಿದ ಒಬ್ಬ ಹೆಣ್ಣುಮಗಳು ಚಿಗವ್ವನ ಪಕ್ಕದಲ್ಲಿ ಕುಳಿತು, ಕೂಸಿನಂತೆ ತೊಡೆಯ ಮೇಲಿದ್ದ ಡಬ್ಬಿಯನ್ನು ನೋಡಿಯೇ ನೋಡಿದಳು.

"ಏನೈತ್ರಿ ಅವ್ವಾರ ಡಬ್ಬಿಯೊಳಗ? ಇಷ್ಟು ಜ್ವಾಕಿ ಮಾಡಾಕತ್ತೀರಿ?"

ನಾನು ಸತ್ಯ ಹೇಳಲು ಬಾಯಿ ತೆರೆದೆ. ಚಿಗವ್ವ ನನ್ನ ತೊಡೆ ಚಿವುಟಿದಳು.

"ನನ್ನ ಹಲ್ಲು ಅದಾವ ಯವ್ವ. ಎಲ್ಲಾ ಕಿತ್ತು ಕೊಟ್ಟಾರ. ನೋಡ್ತಿ ಏನು?" ಎಂದು ಬೋಳು ಬಾಯಿಯನ್ನು ಅಗಲಿಸಿ ಮುಚ್ಚಳಕ್ಕೆ ಕೈಹಾಕಿದಳು.

ಆ ಹೆಣ್ಣುಮಗಳು ಕೊಪ್ಪಳದವರೆಗೆ ಕಿಟಕಿಯ ಹೊರಗೇ ನೋಡಿದಳು. ಸುಳ್ಳನ್ನು ನಾನು ಒಪ್ಪುವುದಿಲ್ಲ. ಆದರೆ ತನ್ನ ಊಟದ ಹೆಸರನ್ನು ಬಸ್ಸಿನಲ್ಲಿ ಹೇಳಲಾರದ ಸ್ಥಿತಿಗೆ ಒಬ್ಬ ಮುದುಕಿಯನ್ನು ತಂದವರೇ ಆ ಸುಳ್ಳಿನ ಅರ್ಧ ಪಾಲುದಾರರು.

ಭಾನುವಾರ ಬೆಳಿಗ್ಗೆ ಗಡಿಗೆ ತುಂಬಿ, ಗಾಜಿನ ಮುಚ್ಚಳ ಹಾಕಿ, ಸ್ವಿಚ್ಚು ಒತ್ತಿದೆ. ಚಿಗವ್ವ ಮಣೆ ಎಳೆದುಕೊಂಡು ಎದುರಿಗೇ ಕುಳಿತಳು. ಗಾಜಿನ ಮೇಲೆ ಹಬೆಯ ಹನಿ ಕೂಡಿದಂತೆಲ್ಲ ಅವಳ ಕೈ ಮುಂದೆ ಬರುತ್ತಿತ್ತು.

"ಚಿಗವ್ವ, ತೆರೀಬಾರ್ದು. ಬಿಸಿ ಹೋಗ್ತೈತಿ."

"ತೆರಿಯಾಕತ್ತಿಲ್ಲ. ಮುಚ್ಚಳಾ ಸರೀ ಕುಂತೈತಿಲ್ಲೋ ನೋಡಾಕತ್ತೀನಿ."

ಹೀಗೆ ಅದು ಸರಿಯಾಗಿ ಕುಳಿತಿದೆಯೇ ಎಂದು ಹಲವು ಬಾರಿ ನೋಡಲಾಯಿತು. ಅಷ್ಟರಲ್ಲಿ ಸ್ಲೋ ಕುಕ್ಕರಿನ ಒಂದು ಗುಣ ನನಗೆ ತಿಳಿಯತೊಡಗಿತು. ಸಾಮಾನ್ಯ ಕುಕ್ಕರು ಗದ್ದಲ ಮಾಡಿದರೂ ಬೇಗ ಮುಗಿಸುತ್ತದೆ. ಇದು ಬಾಯಿ ಬಿಡುವುದಿಲ್ಲ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮನೆ, ಸಾವಧಾನವಾಗಿ, ಬೆಳ್ಳುಳ್ಳಿ-ಮೆಣಸು-ಖಂಡದ ವಾಸನೆಯನ್ನು ಉಸಿರಾಡುತ್ತಲೇ ಇರುತ್ತದೆ. ಸೀಟಿಯನ್ನು ಅಡಗಿಸಲು ಹೋಗಿ ನಾನು ಇಡೀ ದಿನದ ವಾಸನೆಯನ್ನು ಮನೆಗೆ ತಂದಿದ್ದೆ.

ಆದರೂ ಮಧ್ಯಾಹ್ನದವರೆಗೆ ಕ್ಷೇಮವಾಗಿದ್ದೆವು, ಅದೂ ಇನ್ನೊಂದು ಅನ್ಯಾಯದ ಕೃಪೆಯಿಂದ. ಕಾರ್ಖಾನೆಗಳ ಕಡೆಯಿಂದ ಬರುವ ಕರಿ ದೂಳಿಗೆ ಅಂಜಿ ನಮ್ಮ ಬಡಾವಣೆಯವರು ಕಿಟಕಿ ತೆರೆಯುವುದಿಲ್ಲ. ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ದೂಳಿನ ವಿರುದ್ಧ ಸಹಿ ಸಂಗ್ರಹಿಸಿದವರಲ್ಲಿ ನಾನೂ ಒಬ್ಬಳು. ಅಂದು ಮಾತ್ರ, ದೂಳಿನ ಭಯದಿಂದ ಮೇಲಿನ ಕಿಟಕಿಗಳು ಗಟ್ಟಿಯಾಗಿ ಮುಚ್ಚಿರುವುದನ್ನು ಕಂಡು ನನ್ನ ಮನಸ್ಸಿನಲ್ಲಿ ಒಂದು ಸಣ್ಣ ಸಮಾಧಾನ ಮೂಡಿತೆಂದು ಒಪ್ಪಿಕೊಳ್ಳುತ್ತೇನೆ.

ಮಧ್ಯಾಹ್ನ ಕರೆಂಟು ಹೋಯಿತು. ಮುನ್ಸೂಚನೆ ಇಲ್ಲ, ಕಾರಣ ಇಲ್ಲ, ಫೋನು ಮಾಡಿದರೆ ಎತ್ತುವವರಿಲ್ಲ. ಕುಕ್ಕರಿನ ಕೆಂಪು ದೀಪ ಆರಿತು. ಚಿಗವ್ವನ ಮುಖವೂ ಆರಿತು.

"ಒಲಿ ಮ್ಯಾಲ ಇಡು."

"ಇದು ಪಿಂಗಾಣಿ. ಒಡೀತೈತಿ. ಖಂಡ ಇನ್ನೂ ಬಿಗಿ ಐತಿ, ನಿನಗ ಅಗಿಯಾಕ ಬರಂಗಿಲ್ಲ. ಕರೆಂಟ್ ಬರ್ಲಿ."

ಮೇಲೆ ಫ್ಯಾನು, ಕೂಲರು ನಿಂತವು. ಬೇಸಿಗೆಯ ಕೊಪ್ಪಳದಲ್ಲಿ ಕೂಲರು ನಿಂತ ಮೇಲೆ ದೂಳಿಗೆ ಯಾರು ಅಂಜುತ್ತಾರೆ? ಒಂದೊಂದಾಗಿ ಮಹಡಿಯ ಕಿಟಕಿಗಳು ತೆರೆದುಕೊಂಡ ಸದ್ದು ಕೇಳಿಸಿತು. ನಮ್ಮ ವಾಸನೆ ಮೆಟ್ಟಿಲು ಹತ್ತಿತು.

ಈಗ ಒಡತಿಯ ಮಗಳ ವಿಷಯ ಹೇಳಬೇಕು. ತುಂಬು ಬಸುರಿ. ಕುಬಸದ (ಸೀಮಂತದ) ಶಾಸ್ತ್ರ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮ ಸೀಮೆಯಲ್ಲಿ ಒಂದು ನಂಬಿಕೆ ಇದೆ: ಬಸುರಿಯ ಮೂಗಿಗೆ ಅಡುಗೆಯ ವಾಸನೆ ಬಿದ್ದು ಅವಳಿಗೆ ಬಯಕೆಯಾದರೆ, ಬೇಯಿಸಿದವರು ಕೊಡಲೇಬೇಕು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದಂತೆ. ಶತ್ರುವಿನ ಮನೆಯಲ್ಲಿ ಬೆಂದದ್ದಾದರೂ ಕೇಳಿ ತರಬಹುದು. ಶತ್ರುವಾದರೂ ಇಲ್ಲ ಎನ್ನಬಾರದು.

ಕರೆಂಟು ಮರಳಿ ಬಂದು, ಸಂಜೆಯಾಗಿ, ಖಂಡವು ಸೌಟಿನ ಅಂಚಿಗೇ ತುಂಡಾಗುವಷ್ಟು ಹಣ್ಣಾಗಿ, ನಾನು ಅನ್ನ ಬಸಿಯುತ್ತಿದ್ದೆ. ಚಿಗವ್ವ ತಟ್ಟೆ ತೊಳೆದು ಮುಂದಿಟ್ಟುಕೊಂಡಿದ್ದಳು. ಆಗ ಮೂರನೇ ಮೆಟ್ಟಿಲಿನಿಂದ ದನಿ ಬಂತು.

"ಬಾಯಾರ..."

ಮನೆ ಬಿಡಿಸುವ ಮಾತೆಂದೇ ತಿಳಿದು, ಸಂವಿಧಾನದ ಅನುಚ್ಛೇದಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ಹೊರಗೆ ಬಂದೆ. ಒಡತಿ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದು ನಿಂತಿದ್ದರು.

"ಮಗಳು ಮಧ್ಯಾಹ್ನ ಊಟಾ ಮಾಡಿಲ್ಲ. ಕೆಳಗ ಏನು ಕುದಿಯಾಕತ್ತೈತಿ, ಅದೇ ಬೇಕು ಅಂತ ಹಟ ಹಿಡದಾಳ." ಸೆರಗಿನಿಂದ ಒಂದು ಬಟ್ಟಲು ಹೊರಬಂತು. "ಒಂದೀಟು ಹಾಕ್ರಿ."

ನನಗಿಂತ ಮೊದಲು ಚಿಗವ್ವ ಹೊಸ್ತಿಲಿಗೆ ಬಂದು ನಿಂತಿದ್ದಳು. "ಅದು ಊಟ ಅಲ್ರಿ ಅಕ್ಕಾರ. ನನ್ನ ವಸಡಿಗೆ ಮಾಡಿದ ಔಷಧ. ಭಾಳ ಕಹಿ."

"ಔಷಧ ಆದ್ರ ಇನ್ನೂ ಛಲೋ ಆತು. ಬಸುರಿಗೂ ಬೇಕು."

"ಬಸುರ್ಯಾರಿಗೆ ಆಗಿ ಬರಂಗಿಲ್ರಿ ಅದು. ಉಷ್ಣ."

ಇಬ್ಬರ ನಡುವೆ ನಾನು ನಿಂತೆ. ನನ್ನ ನಿಲುವು ಸ್ಪಷ್ಟವಾಗಿತ್ತು. ಯಾರಿಗೂ ಅವರಿಗೆ ತಿಳಿಯದೆ ಏನನ್ನೂ ಉಣಿಸಬಾರದು. ನನ್ನ ತಟ್ಟೆಯನ್ನು ಇನ್ನೊಬ್ಬರು ಆಳುವುದು ಎಷ್ಟು ತಪ್ಪೋ, ಇನ್ನೊಬ್ಬರ ತಟ್ಟೆಗೆ ನಾನು ಮೋಸ ಮಾಡುವುದು ಅಷ್ಟೇ ತಪ್ಪು.

"ಅಕ್ಕಾರ, ಕೊಡಾಕ ನಂದೇನೂ ಅಡ್ಡಿಯಿಲ್ಲ. ಆದ್ರ ಅದು ಏನು ಅಂತ ಮೊದ್ಲ ಹೇಳ್ತೀನಿ."

ಒಡತಿ ಬಟ್ಟಲನ್ನೇ ಕಿವಿಗೆ ಅಡ್ಡ ಹಿಡಿದರು. "ಬ್ಯಾಡ್ರಿ! ನಾ ಕೇಳಿಲ್ಲ, ನೀವು ಹೇಳಬ್ಯಾಡ್ರಿ. ಹೆಸರಿಲ್ದಂಗ ಹಾಕ್ರಿ."

"ಹೇಳಬ್ಯಾಡ" ಎಂದು ಚಿಗವ್ವನೂ ಹಿಂದಿನಿಂದ ಗದರಿದಳು. ಅದೊಂದೇ ವಿಷಯದಲ್ಲಿ ಆ ಇಬ್ಬರೂ ಒಂದಾದರು.

"ಹೇಳದ ಕೊಡಂಗಿಲ್ಲ. ಅದು ದೊಡ್ಡದು ಅಕ್ಕಾರ. ಕೋಣದ ಖಂಡ."

ಒಡತಿ ಬಟ್ಟಲನ್ನು ಕಿವಿಯಿಂದ ಮೆಲ್ಲಗೆ ಇಳಿಸಿದರು. ಮಾತು ಬಂದದ್ದು ಇನ್ನೂ ಮೇಲಿನಿಂದ.

"ಅವ್ವಾ, ನನಗ ಗೊತ್ತೈತಿ." ಮಗಳು ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಇಳಿದು ಬರುತ್ತಿದ್ದಳು. "ನನಗ ಮೂಗಿಲ್ಲೇನು? ಬಿ.ಎಡ್. ಓದುವಾಗ ನನ್ನ ರೂಮಿನ ಗೆಳತಿ ಮನಿಯಿಂದ ತರ್ತಿದ್ಲು."

"ನೀ... ತಿಂದೀ ಏನು?"

"ತಿಂದೀನಿ. ಆ ಹಾಸ್ಟೆಲ್ಲಿನ ಸಾರು ಕುಡದಿದ್ರ ನೀನೂ ತಿಂತಿದ್ದಿ."

"ನಿಮ್ಮಪ್ಪಗ ಗೊತ್ತಾದ್ರ?"

"ಅಪ್ಪ ತಳಕಲ್ಲಿಗೆ ಬೀಗರ ಮನಿಗೆ ಹೋಗ್ಯಾನ. ವಾಸನಿ ಅಲ್ಲೀತನ ಹೋಗಂಗಿಲ್ಲ."

ಒಡತಿ ಮೆಟ್ಟಿಲಿನ ಮೇಲೆಯೇ ಕುಳಿತರು. ನನ್ನತ್ತ ನೋಡಿದ ಅವರ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. "ಇಲ್ಲಾ ಅಂದ್ರ ಕೂಸಿನ ಕಿವಿ ಸೋರ್ತೈತಲ್ರಿ, ಬಾಯಾರ?"

ಮೂಢನಂಬಿಕೆಯ ವಿರುದ್ಧ ಊರೂರು ತಿರುಗಿ ಮಾತನಾಡಿದವಳು ನಾನು. ಕೇಳಿದ ಮೇಲೆ ಸುಮ್ಮನಿರುವುದು ಸಾಧ್ಯವಿರಲಿಲ್ಲ. "ಹಂಗೇನೂ ಇಲ್ರಿ. ಕಿವಿ ಸೋರೂದು ಸೋಂಕಿನಿಂದ. ಬಯಕಿಗೂ ಅದಕ್ಕೂ ಸಂಬಂಧ ಇಲ್ಲ."

"ಹೌದ್ ನೋಡ್ರಿ!" ಎಂದು ಚಿಗವ್ವ ಕೂಗಿದಳು. ಅಮಾವಾಸ್ಯೆಗೆ ಬಾಗಿಲಿಗೆ ಮೆಣಸಿನಕಾಯಿ ಕಟ್ಟುವ, ಬೆಕ್ಕು ಅಡ್ಡ ಬಂದರೆ ಹತ್ತಬೇಕಾದ ಬಸ್ಸನ್ನೇ ಬಿಟ್ಟುಬಿಡುವ ನನ್ನ ಚಿಗವ್ವ ಅಂದು ಮೊದಲ ಬಾರಿಗೆ ವಿಜ್ಞಾನದ ಪರವಾಗಿ ನಿಂತಳು. "ಬರೇ ಮೂಢನಂಬಿಕಿ! ನಮ್ಮ ಹುಡುಗಿ ಓದಿದಾಕಿ, ಸುಳ್ಳು ಹೇಳಂಗಿಲ್ಲ! ಕಿವೀಗೇನೂ ಆಗಂಗಿಲ್ಲ, ಮ್ಯಾಲ ಹೋಗಿ ಮಸರನ್ನ ತಿನ್ನವ್ವ!"

ಮಗಳು ಮೂರನೇ ಮೆಟ್ಟಿಲಿಗೆ ಇಳಿದು, ತಾಯಿಯ ಪಕ್ಕದಲ್ಲಿ ಕುಳಿತು, ಬಾಗಿಲೊಳಗಿನ ಗಾಜಿನ ಮುಚ್ಚಳವನ್ನೇ ನೋಡಿದಳು. ಬೆಳಿಗ್ಗೆಯಿಂದ ಚಿಗವ್ವ ನೋಡಿದ ನೋಟವೇ ಅದು.

ವಿಜ್ಞಾನದ ಮೇಲೆ ಚಿಗವ್ವನ ನಿಷ್ಠೆ ಅಲ್ಲಿಗೆ ಮುಗಿಯಿತು. ಒಳಗೆ ಹೋಗಿ, ಸೌಟು ಹಿಡಿದು, ನನಗಷ್ಟೇ ಕೇಳುವಂತೆ ಗೊಣಗಿದಳು: "ಹಾಳಾಗ್ಲಿ. ನನ್ನ ಸಲುವಾಗಿ ಒಂದು ಕೂಸಿನ ಕಿವಿ ಯಾಕ ಸೋರಬೇಕು?"

ಎಲ್ಲಿ ಕುಳಿತು ಉಣ್ಣಬೇಕೆಂಬುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಮೇಲೆ ಒಯ್ಯಕೂಡದು, ಅದು ದೇವರ ಕೋಣೆ ಇರುವ ಮನೆ. ನಮ್ಮ ಮನೆಯೊಳಗೆ ಬರಕೂಡದು, ಕಾರಣವನ್ನು ಒಡತಿ ಹೇಳಲಿಲ್ಲ. ತಾವು ತಂದ ಬಟ್ಟಲಿನಲ್ಲಿಯೂ ಹಾಕಕೂಡದೆಂದು ಅವರಿಗೆ ಆಗ ನೆನಪಾಯಿತು. "ಮೆಟ್ಲ ಯಾರ ಮನಿಯೂ ಅಲ್ಲ" ಎಂದು ಮಗಳು ತೀರ್ಪು ಕೊಟ್ಟಳು. ಚಿಗವ್ವ ತನಗೆಂದು ತೊಳೆದಿಟ್ಟ ತಟ್ಟೆಯಲ್ಲಿಯೇ ಅನ್ನ ಹಾಕಿ, ಅದರ ಮೇಲೆ ಸುರಿದು ಕೊಟ್ಟಳು.

ಆ ಹುಡುಗಿ ಉಂಡ ರೀತಿಯನ್ನು ನಾನು ಸಂತೋಷದಿಂದಲೇ ನೋಡಿದೆ. ಮೊದಲ ತಟ್ಟೆ ಮಾತಿಲ್ಲದೆ ಮುಗಿಯಿತು. ಎರಡನೆಯದಕ್ಕೆ ತಟ್ಟೆ ತಾನಾಗಿಯೇ ಮುಂದೆ ಬಂತು. ಬಸುರಿಯ ಮುಂದೆ 'ಸಾಕಲ್ಲ?' ಎಂದು ಕೇಳುವುದೂ ದೋಷ. ಚಿಗವ್ವ "ಹಾಕ್ಕೋ ತಾಯಿ, ಹಾಕ್ಕೋ" ಎನ್ನುತ್ತ ಬಡಿಸಿದಳು. ಪ್ರತಿ ತುಂಡು ತನ್ನ ಸೌಟಿನಿಂದ ಜಾರುವಾಗ ಮಾತ್ರ ಅವಳ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಮೂರನೆಯ ಸಲಕ್ಕೆ ಸೌಟು ಪಿಂಗಾಣಿಯ ತಳಕ್ಕೆ ತಾಗಿ ಸದ್ದು ಮಾಡಿತು. ಇಡೀ ದಿನ ತುಟಿಪಿಟಕ್ಕೆನ್ನದ ಕುಕ್ಕರಿನಿಂದ ಬಂದ ಮೊದಲ ಸದ್ದು ಅದು.

ಒಡತಿ ಮುಖ ಅತ್ತ ತಿರುಗಿಸಿ ಕುಳಿತಿದ್ದರು. ಕೊನೆಗೆ ತಡೆಯಲಾರದೆ, ತಿರುಗದೆಯೇ, ಮೆಲ್ಲಗೆ ಕೇಳಿದರು: "ಹೆಂಗಿತ್ತು?"

"ಬೆಣ್ಣಿ ಇದ್ದಂಗ, ಅವ್ವಾ," ಎಂದಳು ಮಗಳು ಬೆರಳು ನೆಕ್ಕುತ್ತ. "ತಿನ್ನಾಕ ಹಲ್ಲೇ ಬೇಕಿಲ್ಲ."

ಚಿಗವ್ವ ಒಳಗೆ ಹೋಗಿ ಗಂಜಿ ಬಿಸಿಗಿಟ್ಟಳು. ಗಡಿಗೆಯ ಅಂಚಿಗೆ ಅಂಟಿದ್ದ ರಸವನ್ನು ಬೆರಳಿನಿಂದ ಸವರಿ ಗಂಜಿಗೆ ಕದಡಿಕೊಂಡಳು. ನಾನು ಏನೋ ಹೇಳಲು ಹೋದೆ. "ಮಾತಾಡಬ್ಯಾಡ," ಎಂದಳು, "ನೀ ಮಾತಾಡಿದ್ದು ಸಾಕು ಇವತ್ತ." ಎರಡು ಗುಟುಕು ಕುಡಿದ ಮೇಲೆ ತಾನೇ, "ಬೆಲ್ಲ ಒಂದು ಚೂರು ಕಡಿಮಿ ಆಗೇತಿ. ಚಾಚಾ ಇನ್ನೂ ಹಾಕ್ತಿದ್ದ" ಎಂದಳು. ಉಣ್ಣದವಳ ವಿಮರ್ಶೆ ಅದು.

ಇದು ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಸುರಿಗೆ ಉಣಿಸಿದ್ದರಲ್ಲಿ ನಷ್ಟವೇನೂ ಇಲ್ಲವೆಂದು ಸುಮ್ಮನಾಗುತ್ತಿದ್ದೆ. ಮರುದಿನ ಬೆಳಿಗ್ಗೆ ಒಡತಿ ಎಂದಿನಂತೆ ಮೂರನೇ ಮೆಟ್ಟಿಲಿಗೆ ಇಳಿದರು. ಉಂಡ ಮನೆಗೆ ತಟ್ಟೆಯನ್ನು ಖಾಲಿ ಮರಳಿಸಬಾರದೆಂಬ ರೂಢಿಯನ್ನು ಅವರು ಮರೆತಿರಲಿಲ್ಲ. ಚಿಗವ್ವನ ತಟ್ಟೆಯನ್ನು ಹೊರಗಿನ ನಲ್ಲಿಯಲ್ಲಿಯೇ ತೊಳೆದು, ತುಂಬಿ, ಮೆಟ್ಟಿಲಿನ ಮೇಲೆ ಇಟ್ಟರು. ತುಂಬಿದ್ದು ಚಕ್ಕಲಿ. ಗರಿಗರಿಯಾದ, ಹಲ್ಲಿದ್ದವರೂ ಹುಷಾರಾಗಿ ಕಡಿಯಬೇಕಾದ ಚಕ್ಕಲಿ.

ಇಟ್ಟವರು ಸೆರಗು ಸರಿಮಾಡಿಕೊಂಡು ಹೇಳಿದರು: "ಬಾಯಾರ, ನಿನ್ನಿದು ನಿನ್ನಿಗೆ ಆತು. ಕರಾರಿನ್ಯಾಗ ಬರದೈತಿ ನೋಡ್ರಿ. ಇನ್ನ ಮುಂದ ಕೆಳಗ ಅಂಥಾದ್ದು ಬೇಯಿಸಬ್ಯಾಡ್ರಿ. ಮಂದಿ ಏನಂದಾರು?"

ಚಿಗವ್ವ ಒಂದು ಚಕ್ಕಲಿ ಎತ್ತಿ, ವಸಡಿನ ನಡುವೆ ಇಟ್ಟು ನೋಡಿ, ಮತ್ತೆ ತಟ್ಟೆಗೆ ಹಾಕಿದಳು. "ಅಕ್ಕಾರ," ಎಂದಳು ಬಹಳ ವಿನಯದಿಂದ, "ನನ್ನ ಹಲ್ಲು ಬಂದ ಮ್ಯಾಲ ನಿಮ್ಮ ಚಕ್ಕಲಿಗೆ ಉತ್ತರಾ ಕೊಡ್ತೀನ್ರಿ."

ಹಲ್ಲಿನ ಸೆಟ್ಟು ಮುಂದಿನ ವಾರ ಬರುತ್ತದೆ. ಅದರ ಹಿಂದೆಯೇ ಮಗ ಬರುತ್ತಾನೆ. ತಾವರಗೇರಾಕ್ಕೆ ಹೋದ ಮೇಲೆ ಅವಳ ಬಾಯಿಯಲ್ಲಿ ಹಲ್ಲಿರುತ್ತವೆ, ಊಟವಿರುವುದಿಲ್ಲ. ಉಳಿದಿರುವುದು ಒಂದು ಭಾನುವಾರ.

ಆದ್ದರಿಂದ, ಮನೆಯ ಒಡತಿಯವರೇ, ನಿಮ್ಮಲ್ಲಿ ನನ್ನ ಬೇಡಿಕೆ ಇದು. ಚಿಗವ್ವನ ಊಟವನ್ನು ನಿಮ್ಮ ಮನೆ ಉಂಡಿದೆ. ಚಿಗವ್ವನ ಊಟವನ್ನು ನಿಮ್ಮ ಮನೆಯೇ ಮರಳಿಸಬೇಕು. ಬರುವ ಭಾನುವಾರ ಸ್ಲೋ ಕುಕ್ಕರನ್ನು ಮೇಲೆ ತಂದುಕೊಡುತ್ತೇನೆ. ಅದು ನಿಮ್ಮ ಅಡುಗೆಮನೆಯ ಪ್ಲಗ್ಗಿನಲ್ಲಿ, ನಿಮ್ಮ ಮೀಟರಿನ ಮೇಲೆ, ನಿಮ್ಮ ಮೂಗಿನ ಮುಂದೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬೇಯಬೇಕು. ಗಂಗಾವತಿಗೆ ಹೋಗಿ ಖಂಡ ತರುವವಳು ನಾನು. ಬೆಳ್ಳುಳ್ಳಿ ಬಿಡಿಸುವವಳು ನಿಮ್ಮ ಮಗಳು, ಅವಳು ಒಪ್ಪಿದ್ದಾಳೆ. ಬೆಲ್ಲ ಒಂದು ಚೂರು ಹೆಚ್ಚು ಹಾಕಿಸಬೇಕು. ಕರಾರಿನ ಆ ಷರತ್ತನ್ನು ನಿಮ್ಮ ಕೈಯಾರೆ ಹೊಡೆದುಹಾಕಬೇಕು. ಮತ್ತು ಸಂಜೆ ತಟ್ಟೆ ಹಿಡಿದು ಇಳಿಯುವಾಗ ಮೂರನೇ ಮೆಟ್ಟಿಲಿನಲ್ಲಿ ನಿಲ್ಲದೆ ಉಳಿದ ಎರಡು ಮೆಟ್ಟಿಲನ್ನೂ ಇಳಿದು, ಹೊಸ್ತಿಲು ದಾಟಿ ಒಳಗೆ ಬಂದು, ತಟ್ಟೆಯಲ್ಲಿ ಏನಿದೆಯೆಂದು ಹೆಸರು ಹಿಡಿದು ಹೇಳಿ, ಚಿಗವ್ವನ ಮುಂದೆ ಇಡಬೇಕು.